ನಾಲ್ಕನೇ ಪುಟದ ಒಂದು ಸಾಲು

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ತಂಗೀ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಬೇಕಿದ್ದರೆ ನೀನೇ ಸೇರಿಸಿಕೋ. ಫೋನ್ ಮಾಡಿದರೆ ‘ಅಕ್ಕಾ, ಪುಟ ಕಟ್ಟಬೇಕು, ಆಮೇಲೆ’ ಎಂದು ಕತ್ತರಿಸುತ್ತೀ. ನಿನ್ನೆ ಮೂರು ಸಲ ಹಾಗೇ ಮಾಡಿದೆ. ಕಾಗದ ಬರೆದರೆ ನನ್ನ ಮಾತು ಮುಗಿಯುವವರೆಗಾದರೂ ನೀನು ಸುಮ್ಮನಿರಬೇಕಾಗುತ್ತದೆ.

ಹಳೇ ಬಸ್ ನಿಲ್ದಾಣದ ವರಾಂಡದಲ್ಲಿ, ನನ್ನ ಟೈಪಿಂಗ್ ಅಂಗಡಿಯ ಎದುರಿಗೇ, ಹನ್ನೊಂದು ಹೊಲಿಗೆ ಯಂತ್ರಗಳಿವೆ. ನಿನಗೂ ಗೊತ್ತು, ನಿನ್ನ ಹಸಿರು ಕೋಟಿನ ತೋಳು ಗಿಡ್ಡ ಮಾಡಿಸಿದ್ದು ಅಲ್ಲೇ. ಮಂಗಳವಾರ ನಗರಸಭೆಯ ಗುಮಾಸ್ತ ಬಂದು ಕಂಬಕ್ಕೆ ಒಂದು ಹಾಳೆ ಅಂಟಿಸಿದ. ಬರುವ ಒಂದನೇ ತಾರೀಕಿನೊಳಗೆ ಯಂತ್ರಗಳನ್ನು ತೆರವು ಮಾಡಬೇಕು, ಅಲ್ಲಿ ಕಾರು ನಿಲ್ಲುತ್ತವೆ. ಅಂಟು ಇನ್ನೂ ಒಣಗಿರಲಿಲ್ಲ, ಕಾಜಾ ಅಕ್ಕ ಅವನಿಗೆ ಅಡ್ಡ ನಿಂತಳು. ಗುಂಡಿಗಳಿಗೆ ಕಾಜಾ ಹೊಲಿಯುವ ಹೆಂಗಸು ಅವಳು, ಆ ಸಾಲಿಗೆಲ್ಲ ಹಿರಿಯಳು.

‘ಯಾರನ್ನ ಕೇಳಿ ಮಾಡಿದ್ರಪ್ಪಾ ಇದನ್ನ?’

ಅವನಿಗೆ ಸಿಟ್ಟೂ ಬರಲಿಲ್ಲ. ‘ನಿಮ್ಮನ್ನೇ ಕೇಳಿದ್ವಲ್ಲಮ್ಮ. ಹೋದ ತಿಂಗಳು ಸಭೆ ಕರೆದಿದ್ವಿ. ಮೂವತ್ತು ಕುರ್ಚಿ ನಾನೇ ಹಾಕಿಸಿದ್ದೆ, ಒಂದು ನರಪಿಳ್ಳೆನೂ ಬರಲಿಲ್ಲ. ಆಕ್ಷೇಪಣೆ ಇಲ್ಲ ಅಂತ ಬರ್ಕೊಂಡ್ವಿ. ಪೇಪರಲ್ಲೂ ಬಂದಿತ್ತು ನೋಡಿ’ ಅಂದ.

ನಿನ್ನ ಪೇಪರು. ನಾಲ್ಕನೇ ಪುಟದಲ್ಲಿ ನೀನು ಜೋಡಿಸುವ ‘ನಗರದಲ್ಲಿ ಇಂದು’.

ಹನ್ನೊಂದು ಜನವೂ ತಿರುಗಿ ನನ್ನನ್ನು ನೋಡಿದರು. ಯಾಕೆಂದರೆ ಆ ಅಂಕಣವನ್ನು ದಿನಾ ಬೆಳಗ್ಗೆ ಒಂಬತ್ತಕ್ಕೆ ಅವರಿಗೆ ಓದಿ ಹೇಳುವವಳು ನಾನು. ಹೊಲಿಯುವವರ ಕಣ್ಣು ಸೂಜಿಯ ಮೇಲಿರುತ್ತದೆ, ಕೈ ಬಟ್ಟೆಯ ಮೇಲೆ. ಬಿಡುವಾಗಿರುವುದು ಕಿವಿ ಮಾತ್ರ. ಯಾವ ಬೀದಿಗೆ ನೀರಿಲ್ಲ, ಯಾರು ತೀರಿಕೊಂಡರು, ಎಲ್ಲಿ ಬಟ್ಟೆ ಅಗ್ಗ, ಎಲ್ಲ ಅವರಿಗೆ ತಲುಪುವುದು ನನ್ನ ಬಾಯಿಂದ. ಸಭೆಯ ಸಾಲು ಬಂದರೆ, ಅಂಗಿಗಳಿಗೆ ಕಾಲರ್ ಹೊಲಿಯುವ ಕಾಲರ್ ಮಾಮ ಯಂತ್ರ ನಿಲ್ಲಿಸದೆಯೇ ಕೂಗುತ್ತಾನೆ: ‘ಅದನ್ನ ಹಾರಿಸು ತಾಯಿ! ಅವರೇ ಮಾತಾಡ್ತಾರೆ, ಅವರೇ ಚಪ್ಪಾಳೆ ಹೊಡ್ಕೋತಾರೆ. ನಮ್ಮದೇನಿದೆ ಅಲ್ಲಿ?’

ನಿನ್ನೆ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಹುಡುಕಿದೆ. ಸಿಕ್ಕಿತು. ‘ಸಭೆ: ನಗರಸಭೆ ಮೇಲಿನ ಕೊಠಡಿ, ಬೆಳಗ್ಗೆ 11.’ ಆಮೇಲೆ ನಗರಸಭೆಗೆ ಹೋಗಿ, ಅವರು ನಿನಗೆ ಕಳಿಸಿದ್ದ ಪ್ರಕಟಣೆಯ ಪ್ರತಿಯನ್ನೂ ನೋಡಿದೆ. ಹದಿನಾಲ್ಕು ಸಾಲು! ಯಾವ ಕಂಬದಿಂದ ಯಾವ ಕಂಬದವರೆಗೆ, ಎಷ್ಟು ಯಂತ್ರ, ಆಕ್ಷೇಪಣೆ ಇದ್ದವರು ಏನು ಮಾಡಬೇಕು, ಎಲ್ಲ ಇತ್ತು. ನಿನ್ನ ಕತ್ತರಿ ಎಲ್ಲವನ್ನೂ ನುಂಗಿತು. ಸಭೆಗೆ ಒಂದು ಸಾಲು, ಮನರಂಜನೆಗೆ ಮೂರು, ಇದು ನಿನ್ನ ಲೆಕ್ಕಾಚಾರ. ಅದೇ ದಿನ ನಾಯಿಗಳ ಪ್ರದರ್ಶನಕ್ಕೆ ಐದು ಸಾಲು ಕೊಟ್ಟಿದ್ದೀ, ಮೇಲೊಂದು ಫೋಟೋ. ಆ ನಾಯಿಗೆ ನೀಲಿ ಚೆಂಡು ಇಷ್ಟ ಎಂಬುದು ಈ ಊರಿಗೆಲ್ಲ ಗೊತ್ತಾಯಿತು. ಹನ್ನೊಂದು ಮನೆಗಳ ಅನ್ನ ಹೋಗುತ್ತದೆ ಎಂಬುದು ಗೊತ್ತಾಗಲಿಲ್ಲ.

ಫೋನಿನಲ್ಲಿ ಸಿಕ್ಕ ಒಂದು ನಿಮಿಷದಲ್ಲಿ ನೀನು ಏನೆಂದೆ, ನೆನಪಿದೆಯೇ? ‘ಸಭೆ ಸುದ್ದಿ ಯಾರು ಓದ್ತಾರೆ ಅಕ್ಕಾ?’ ಹಾಗೆಂದು ನೀನು ನಕ್ಕ ನಗು ಇನ್ನೂ ನನ್ನ ಕಿವಿಯನ್ನು ಚುಚ್ಚುತ್ತಿದೆ. ಓದುವುದು ಬಿಡುವುದು ಓದುವವರಿಗೆ ಸೇರಿದ್ದು. ಅವರ ಪರವಾಗಿ ಓದದೆ ಇರಲು ನಿನ್ನನ್ನು ನೇಮಿಸಿದವರು ಯಾರು? ಸಾಲು ಕಡಿಮೆಯಾದಷ್ಟೂ ಅರ್ಥ ಹೆಚ್ಚುತ್ತದೆ ಎಂದು ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವಳು ನಾನೇ ಇರಬೇಕು. ಅದು ಕವಿತೆಯ ಮಾತು ಕಣೇ. ಜಾಗ ಕಳೆದುಕೊಳ್ಳುವವರಿಗೆ ಹದಿನಾಲ್ಕು ಸಾಲೂ ಬೇಕು.

ಶನಿವಾರ ಐದು ಗಂಟೆಯೊಳಗೆ ಅರ್ಜಿ ಕೊಟ್ಟರೆ ಸಭೆಯನ್ನು ಮತ್ತೆ ಕರೆಯಬಹುದು, ಆದರೆ ಪ್ರಕಟಣೆ ಸರಿಯಾಗಿ ತಲುಪಿಲ್ಲ ಎಂಬುದಕ್ಕೆ ಆಧಾರ ಬೇಕು ಎಂದ ಗುಮಾಸ್ತ. ಅದಕ್ಕೇ ಎರಡನೇ ಹಾಳೆ ಇಟ್ಟಿದ್ದೇನೆ. ‘ಪ್ರಕಟಣೆಯನ್ನು ಮೊಟಕು ಮಾಡಿದವಳು ನಾನು’ ಎಂದು ಟೈಪ್ ಮಾಡಿದ್ದೇನೆ, ಕೆಳಗೆ ನಿನ್ನ ಸಹಿಗೆ ಜಾಗವಿದೆ. ಕೆಲಸ ಹೋಗುತ್ತದೆ ಎನ್ನುತ್ತೀ. ಹೋಗಲಿ. ಇಲ್ಲಿ ಹನ್ನೊಂದು ಹೋಗುತ್ತಿವೆ.

ಇಷ್ಟು ಬರೆದು, ಪಕ್ಕಕ್ಕಿಟ್ಟು, ಅವರ ಅರ್ಜಿಯನ್ನು ಟೈಪ್ ಮಾಡಲು ಕೂತೆ. ‘ಈ ಸಭೆಯ ವಿಷಯ ನಮ್ಮ ಸಾಲಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ’ ಎಂಬ ವಾಕ್ಯ ಬಂತು. ಬೆರಳು ಅಲ್ಲೇ ನಿಂತಿತು. ಅರ್ಧ ಗಂಟೆಯಿಂದ ನಿಂತಿದೆ.

ಮೇಲೆ ನಿನ್ನ ಸಾಲನ್ನು ಬರೆದೆನಲ್ಲ, ಪೂರ್ತಿ ಬರೆದಿಲ್ಲ. ಪತ್ರಿಕೆಯಲ್ಲಿ ಅದು ಹೀಗಿದೆ: ‘ಸಭೆ: ನಗರಸಭೆ ಮೇಲಿನ ಕೊಠಡಿ, ಬೆಳಗ್ಗೆ 11, ಹಳೇ ಬಸ್ ನಿಲ್ದಾಣದ ವರಾಂಡ ಕುರಿತು.’ ಅಷ್ಟನ್ನಾದರೂ ನೀನು ಉಳಿಸಿದ್ದೆ. ಈ ಕಾಗದದಲ್ಲಿ ನಾನು ಅದನ್ನೂ ತೆಗೆದುಬಿಟ್ಟೆ, ನಿನ್ನನ್ನು ಬೈಯಲು ಅನುಕೂಲವಾಗಲೆಂದು.

ಆ ಬೆಳಗ್ಗೆ ಅದು ನನ್ನ ಕಣ್ಣಿಗೆ ಬಿದ್ದಿತ್ತು. ವರಾಂಡ ಎಂಬ ಮಾತು ಕಂಡು ಒಂದು ಕ್ಷಣ ತಡೆದೆ ಕೂಡ. ಆದರೆ ಅದರ ಕೆಳಗೆ ನನ್ನ ಕವಿತಾ ವಾಚನದ ಸುದ್ದಿಯಿತ್ತು. ಒಂದು ವಾರ ನಿನ್ನ ಪ್ರಾಣ ತಿಂದು ಹಾಕಿಸಿಕೊಂಡ ಮೂರು ಸಾಲು, ಅದರಲ್ಲಿ ನನ್ನ ಹೆಸರು. ಅಲ್ಲಿಗೆ ಬೇಗ ತಲುಪಬೇಕಿತ್ತು ನನಗೆ. ಸಭೆಯನ್ನು ಹಾರಿಸಿದೆ. ಅವತ್ತು ಕಾಲರ್ ಮಾಮ ಕೂಗಿರಲೂ ಇಲ್ಲ. ನನ್ನ ಮೂರು ಸಾಲನ್ನು ಎರಡು ಸಲ ಓದಿದೆ.

ಅವರಿಗೆ ಎಷ್ಟು ಹಿಗ್ಗು! ನಾಲ್ಕು ಜನ ಯಂತ್ರಕ್ಕೆ ಬಟ್ಟೆ ಹೊದಿಸಿ ನನ್ನ ಜೊತೆ ಹೊರಟರು. ಮುಂದಿನ ಸಾಲಿನಲ್ಲಿ ಕೂತು, ಅರ್ಥವಾಗದ ಕಡೆಯಲ್ಲೂ ಚಪ್ಪಾಳೆ ತಟ್ಟಿದರು. ಆಗ ಗಂಟೆ ಹನ್ನೊಂದು. ಎರಡು ಬೀದಿ ಆಚೆ ಮೂವತ್ತು ಕುರ್ಚಿ ಅವರಿಗಾಗಿ ಖಾಲಿ ಕಾಯುತ್ತಿದ್ದವು. ಕೆಲಸ ಬಿಟ್ಟು ಬರಲಾರದ ಜನವಲ್ಲ ಅವರು. ಬಂದರು, ನನ್ನ ಕವಿತೆ ಕೇಳಲು.

ನನ್ನ ಅಂಗಡಿಗೆ ಬಾಗಿಲಿದೆ, ಕರಾರುಪತ್ರವಿದೆ. ಕಂಬದ ಮೇಲಿನ ಹಾಳೆ ನನ್ನನ್ನು ಮುಟ್ಟುವುದಿಲ್ಲ. ಮುಟ್ಟುವಂತಿದ್ದರೆ ಆ ಸಾಲನ್ನು ಹಾರಿಸುತ್ತಿದ್ದೆನೇ?

ಎರಡನೇ ಹಾಳೆಯನ್ನು ಹರಿದುಹಾಕು. ನಗರಸಭೆಯಿಂದ ಬಂದ ಮೂಲ ಪ್ರಕಟಣೆಯ ಮೇಲೆ ನಿಮ್ಮ ಕಚೇರಿಯ ಮೊಹರಿರುತ್ತದೆ, ಈ ಕಾಗದ ತಂದವರ ಕೈಯಲ್ಲೇ ಅದರ ಪ್ರತಿ ಕಳಿಸು ಸಾಕು. ಅರ್ಜಿಯಲ್ಲಿ ಏನು ಅಚ್ಚಾಗಲಿಲ್ಲ, ಅಚ್ಚಾದದ್ದನ್ನು ಯಾರು ಓದಿ ಹೇಳಲಿಲ್ಲ, ಎರಡನ್ನೂ ಬರೆಯುತ್ತೇನೆ. ಇದರಿಂದ ನಿನ್ನ ಮೇಲಿನ ಸಿಟ್ಟು ಇಳಿಯಿತೆಂದು ತಿಳಿಯಬೇಡ. ಅದರಲ್ಲಿ ನನಗೂ ಪಾಲು ಬಂತು, ಅಷ್ಟೇ.

ಇನ್ನೂ ಸಿಟ್ಟಿನಲ್ಲಿರುವ,
ನಿನ್ನ ಅಕ್ಕ

ಆಮೇಲೆ ಸೇರಿಸಿದ್ದು, ಶುಕ್ರವಾರ: ಇವತ್ತು ಬೆಳಗ್ಗೆ ಅವರು ಸಹಿ ಹಾಕುವ ಮೊದಲು ಎಲ್ಲ ಹೇಳಿದೆ. ಬೈದರೆ ತಡೆದುಕೊಳ್ಳಲು ಸಿದ್ಧಳಾಗಿದ್ದೆ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಸಹಿ ಹಾಕಿದರು. ಕೊನೆಯವಳು ಕಾಜಾ ಅಕ್ಕ. ಪೆನ್ನು ಕೆಳಗಿಟ್ಟು, ನನ್ನ ಮೇಜಿನಿಂದ ಇವತ್ತಿನ ಪತ್ರಿಕೆಯನ್ನು ತೆಗೆದುಕೊಂಡು ಹೋದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಅಕ್ಷರದ ಕೆಳಗೆ ಬೆರಳಿಟ್ಟು, ಕೂಡಿಸಿ ಕೂಡಿಸಿ, ನಾಲ್ಕನೇ ಪುಟವನ್ನು ತುದಿಯಿಂದ ತುದಿಯವರೆಗೆ ಎಲ್ಲರಿಗೂ ಕೇಳುವಂತೆ ಓದಿದಳು: ಹಳೇ ಕಬ್ಬಿಣದ ಹರಾಜು, ಕಳೆದುಹೋದ ಬೀಗದ ಕೈ, ಎಲ್ಲವನ್ನೂ. ಒಂದು ಗಂಟೆ ಹಿಡಿಯಿತು. ಯಂತ್ರಗಳೆಲ್ಲ ನಿಂತಿದ್ದವು. ಯಾರೂ ನನ್ನ ಅಂಗಡಿಯ ಕಡೆ ನೋಡಲಿಲ್ಲ.