ತೋಮಾ ಸಂತರ ಅಡಿಯಾಳು

ಎರ್ನಾಕುಲಂ
21 ಜೂನ್ 2004, ಸೋಮವಾರ

ಇಂಚರಾಳ ಅಪ್ಪನಿಗೆ ಚಂದ್ರಾವತಿ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀವು ಕ್ಷೇಮವೋ ಇಲ್ಲವೋ ಎಂಬುದು ಈ ಕಾಗದ ಓದಿ ಮುಗಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಎಲ್ಲದಕ್ಕೂ "ಹ್ಞೂಂ" ಎಂದು, ಇಡುವ ಹೊತ್ತಿಗೆ "ಏನು ಹೇಳಿದ್ದು?" ಎಂದು ಕೇಳುತ್ತೀರಿ. ಕಾಗದವಾದರೆ ಶಾಸನ ಓದುವ ಅಭ್ಯಾಸಬಲದಿಂದಾದರೂ ಒಂದಕ್ಷರ ಬಿಡದೆ ಓದುತ್ತೀರೆಂದು ಬರೆಯುತ್ತಿದ್ದೇನೆ.

ನಮ್ಮ ಕಡವಂಗಾಡಿ ಪಳ್ಳಿಯ ಹಬ್ಬದ ಸಂಚಿಕೆಗೆ ನೀವು ಆ ಇಗರ್ಜಿಯ ಚರಿತ್ರೆ ಬರೆದು ವಿನ್ಸೆಂಟ್ ಅಚ್ಚನ್ನರಿಗೆ ಕಳಿಸಿದಿರಂತೆ. ನನಗೆ ಒಂದು ಮಾತು ಹೇಳಲಿಲ್ಲ. ಹೋದ ಮಂಗಳವಾರ ಪಾದ್ರಿಗಳು ಆ ಹಾಳೆಗಳನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನಾನು ಕಾಫಿ ಕೊಟ್ಟೆ, ಕುಡಿದರು. ಹಲಸಿನ ಚಿಪ್ಸ್ ಕೊಟ್ಟೆ, ತಿಂದರು. ಕೊನೆಗೆ "ಸಾರ್ ತುಂಬ ಶ್ರಮಪಟ್ಟು ಬರೆದಿದ್ದಾರೆ" ಎಂದಷ್ಟೇ ಹೇಳಿ, ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು ಹೋದರು. ಓದಿ ನೋಡಿದ ಮೇಲೆ ನನಗೆ ಬೆವರು ಬಿಟ್ಟಿತು.

ಕಟ್ಟಡ ಪೋರ್ಚುಗೀಸರ ಕಾಲಕ್ಕಿಂತ ಹಿಂದಿನದಲ್ಲ. ಅಂಗಳದ ಕಲ್ಲಿನ ಶಿಲುಬೆಯನ್ನು ಬೇಕಾದರೆ ಒಂಬತ್ತನೇ ಶತಮಾನಕ್ಕೆ ಹಾಕಬಹುದು. ಯೇಸುವಿನ ಶಿಷ್ಯ ಅಪೊಸ್ತಲ ತೋಮಾ ಈ ಕಡವಿನಲ್ಲಿ ದೋಣಿಯಿಂದ ಇಳಿದರೆಂಬುದಕ್ಕೆ ಪುರಾವೆ ಏನೂ ಇಲ್ಲ. ಇದು ನೀವು ಬರೆದದ್ದರ ಸಾರ. ಅಲ್ಲ, ಆ ಪಳ್ಳಿಯ ಗೇಟಿನ ಮೇಲೆ "ಕ್ರಿ.ಶ. 52" ಎಂದಿದೆ. ಮೆರವಣಿಗೆಯ ಕೊಡೆಗಳ ಮೇಲಿದೆ, ಮದುವೆಗೆ ಬಾಡಿಗೆ ಕೊಡುವ ಕುರ್ಚಿಗಳ ಬೆನ್ನ ಮೇಲೂ ಇದೆ. ಅಷ್ಟನ್ನೂ ಅಳಿಸಿ ಬೇರೆ ಬಣ್ಣ ಬಳಿಯುವವರು ಯಾರು?

ನನಗೆ ಬೆವರು ಬಿಟ್ಟದ್ದು ಕುರ್ಚಿಗಳಿಗಾಗಿ ಅಲ್ಲ. ಈಗ ಹೇಳಹೊರಟಿರುವುದು ತಪ್ಪೊಪ್ಪಿಗೆಯೆಂದು ತಿಳಿಯಬೇಡಿ, ಬರೀ ಮಾಹಿತಿ. ಕಳೆದ ವರ್ಷದ ಹಬ್ಬಕ್ಕೆ ಕೆಳಗಿನ ಮನೆಯ ಮೇರಿ ಚೇಚಿಯ ಜೊತೆ ಹೋಗಿದ್ದೆನಲ್ಲ, ಆಗ ನಿಮ್ಮನ್ನು ತೋಮಾ ಸಂತರಿಗೆ ಅಡಿಮೆ ಇಟ್ಟು ಬಂದಿದ್ದೇನೆ.

ಅಡಿಮೆ ಎಂದರೆ ಅಡಿಯಾಳು. ಇಲ್ಲಿಯವರು ಮಕ್ಕಳನ್ನು, ಕಾಯಿಲೆಯವರನ್ನು ಹೀಗೆ ಸಂತರ ಪಾದಕ್ಕೆ ಒಪ್ಪಿಸುತ್ತಾರೆ. ನಿಮಗೆ ತಿರುವನಂತಪುರಕ್ಕೆ ವರ್ಗವಾಗಿ ಎರಡು ವರ್ಷ ದಾಟಿತ್ತು. ಇಂಚರಾ ಕೂಡ ಅಲ್ಲೇ ಶ್ರೀಕಾರ್ಯದ ಹಾಸ್ಟೆಲಿಗೆ ಹೋಗಿಬಿಟ್ಟಿದ್ದಳು. ಆಫೀಸಿನಿಂದ ಬಂದು ಒಬ್ಬಳಿಗೇ ಅಂತ ಸಾರು ಮಾಡಿ ಮಾಡಿ ನನಗೆ ಸಾರಿನ ಮೇಲೇ ಜಿಗುಪ್ಸೆ ಬಂದಿತ್ತು. ನಿಮಗೆ ಎರ್ನಾಕುಲಕ್ಕೆ ವಾಪಸು ವರ್ಗವಾಗಲಿ ಎಂದು ಬೇಡಿಕೊಂಡು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತೆ. ಊರಿನ ದೇವಸ್ಥಾನದಲ್ಲಿ ಅರ್ಚನೆಗೆ ಹೇಳುವ ಹಾಗೆ "ದಿನಕರ, ವಿಶಾಖಾ ನಕ್ಷತ್ರ, ಭಾರದ್ವಾಜ ಗೋತ್ರ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ಚೀಟಿ ಬರೆಯುತ್ತಿದ್ದ ಪಳ್ಳಿಯ ಕಪ್ಯಾರರಿಗೆ ಕಿವಿ ಸ್ವಲ್ಪ ಮಂದ, ಇನ್ನೊಮ್ಮೆ ಹೇಳಿಸಿದರು. ಮದುವೆಯಾದಂದಿನಿಂದ ನಿಮ್ಮ ಹೆಸರನ್ನು ಹಿಡಿದು ಕರೆಯದ ನಾನು ಅಲ್ಲಿ ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವರು ಗೋತ್ರ ನಕ್ಷತ್ರವನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು ಹೆಸರಷ್ಟನ್ನೇ ಬರೆದುಕೊಂಡರು.

ಅರ್ಚನೆಯಂತೆ ಇದೂ ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಮುಗಿಯುವುದಿಲ್ಲವಂತೆ. ಮನೆಗೆ ಬರುವ ದಾರಿಯಲ್ಲಿ ಮೇರಿ ಚೇಚಿ, "ಅಯ್ಯೋ ಮೋಳೇ, ಅಡಿಮೆ ಆದವನು ವರ್ಷವರ್ಷ ಹಬ್ಬಕ್ಕೆ ಬಂದು ಮುಖ ತೋರಿಸಬೇಕು, ಗೊತ್ತಿಲ್ವಾ?" ಎಂದರು. ಇಂಚರಾಳಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ಮೊದಲಿನಿಂದಲೂ ಅಡಿಮೆಯೇ ಅಲ್ಲವಾ ಎಂದು ಮಲಯಾಳದಲ್ಲಿ ಕೇಳಿ ನಕ್ಕಳು. ಯಾರ ಅಡಿಮೆ ಎಂದು ನಾನು ಕೇಳಲು ಹೋಗಲಿಲ್ಲ.

ಈಗ ನನ್ನ ಅವಸ್ಥೆ ನೋಡಿ. ನಿಮ್ಮ ವರ್ಗದ ಕಾಗದ ಸಂತರ ಕೈಯಲ್ಲಿದೆ ಎಂದು ನಾನು ನಂಬಿ ಕೂತಿದ್ದೇನೆ. ಅವರ ಅಡಿಯಾಳಾದ ನೀವು, ಯಜಮಾನರು ಈ ಊರಿಗೆ ಬಂದೇ ಇಲ್ಲವೆಂದು ಟೈಪ್ ಮಾಡಿ ಸಹಿ ಹಾಕಿ ಕಳಿಸಿದ್ದೀರಿ! ನಮ್ಮ ಕಡೆಯ ಭೂತಗಳಾಗಿದ್ದರೆ ಇಷ್ಟು ಹೊತ್ತಿಗೆ ಮೈಮೇಲೆ ಬಂದು ವಿಚಾರಿಸಿಕೊಳ್ಳುತ್ತಿದ್ದವು. ಬುಧವಾರದಿಂದ ಮೇರಿ ಚೇಚಿಯ ಮನೆಯಿಂದ ಬೆಳಗಿನ ತಿಂಡಿಗೆ ಪಾಲಪ್ಪ ಬರುವುದೂ ನಿಂತಿತು. ನಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದ ತರಕಾರಿ ಸ್ಟ್ಯೂ ಕೂಡ ಇಲ್ಲ. ಮನೆಯ ಒಡತಿ ಕೆಳಗೆ, ನಾನು ಮೇಲೆ, ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದೆವು. ಗುರುವಾರ ಕೂತು ನಿಮಗೆ ಒಂದು ಕಾಗದ ಬರೆದೆ. ದಮ್ಮಯ್ಯ, ಸಂತರಿಗೆ ಒಂದೆಂಟು ಶತಮಾನ ಜಾಸ್ತಿ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ, ತಿದ್ದಿ ಕಳಿಸಿ ಎಂದು. ಅದನ್ನು ಅಂಚೆಗೆ ಹಾಕಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನಿನ್ನೆ ಪೂಜೆ ಮುಗಿದ ಮೇಲೆ ಪಳ್ಳಿಯ ಹಾಲಿನಲ್ಲಿ ಸಭೆ. ನಿಮ್ಮ ಲೇಖನವನ್ನು ಹಾಕುವುದೋ ಬೇಡವೋ ಎಂಬುದೇ ವಿಷಯ. ಮೇರಿ ಚೇಚಿ ಬೆಳಿಗ್ಗೆ ಬಂದು ಮುಖ ಬಿಗಿದುಕೊಂಡೇ "ನೀನೂ ಬಾ" ಎಂದರು. ಹೋಗಿ ಕೊನೆಯ ಸಾಲಿನಲ್ಲಿ ಒಂದು ಐವತ್ತೆರಡರ ಕುರ್ಚಿಯ ಮೇಲೆ ಕೂತೆ. ವಿನ್ಸೆಂಟ್ ಅಚ್ಚನ್ ನಿಮ್ಮ ಲೇಖನವನ್ನು ಪೂರ್ತಿ ಮಲಯಾಳಕ್ಕೆ ಮಾಡಿ ಓದಿದರು. ಮೊದಲು ಎದ್ದವರು ಮೇರಿ ಚೇಚಿಯ ಗಂಡ ಜೋಸೆಫ್ ಚೇಟ್ಟನ್. ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಯೂನಿಯನ್ ನಡೆಸಿ ನಿವೃತ್ತರಾದವರು, ಅವರಿಗೆ ಮೈಕು ಬೇಡ. "ಮೊದಲು ಬಂದವರು ಕಲ್ಲಿನ ಪಳ್ಳಿ ಕಟ್ಟಿದರೆಂದು ಯಾರು ಹೇಳಿದ್ದು? ನಾಲ್ಕು ಕಂಬ ನಿಲ್ಲಿಸಿ ಮೇಲೆ ತೆಂಗಿನ ಗರಿ ಹೊದಿಸಿರಬೇಕು. ಆ ಗರಿ ಇಂದು ಈ ಸಾರ್ ಅವರಿಗೆ ಎಲ್ಲಿಂದ ಸಿಗಬೇಕು?" ಎಂದು ಕೇಳಿದರು. ಒಳ್ಳೆಯ ಮಾತೇ ಅನ್ನಿಸಿತು ನನಗೆ. ನೀವಿದ್ದಿದ್ದರೆ ನೀವೂ ತಲೆದೂಗುತ್ತಿದ್ದಿರಿ.

ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬರು ಎದ್ದು, ಈ ಮನುಷ್ಯನಿಗೆ ನಮ್ಮ ಮೇಲೆ ಏನೋ ದ್ವೇಷವಿದೆ, ಅದಕ್ಕೇ ಹೀಗೆ ಬರೆದಿದ್ದಾನೆ ಎಂದುಬಿಟ್ಟರು. ನನಗೆ ಮೈ ಉರಿದುಹೋಯಿತು. ಯಾವಾಗ ಎದ್ದೆನೋ ಗೊತ್ತಿಲ್ಲ, ಎದ್ದಿದ್ದೆ. ಕಾಸರಗೋಡಿನ ನನ್ನ ಮಲಯಾಳ ಕೇಳಿ ಎಲ್ಲರೂ ತಿರುಗಿ ನೋಡಿದರು. ಅವರಿಗೆ ಯಾರ ಮೇಲೂ ದ್ವೇಷವಿಲ್ಲ ಎಂದೆ. ನನ್ನನ್ನು ನೋಡಲು ಬಂದ ದಿನ, ನಮ್ಮ ಊರಿನ ದೇವಸ್ಥಾನ ತ್ರೇತಾಯುಗದ್ದು ಎಂದು ನನ್ನ ಅಪ್ಪ ಹೆಮ್ಮೆಯಿಂದ ಹೇಳಿದಾಗ, ಈ ಮನುಷ್ಯ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಇಲ್ಲ ಮಾವ, ಹದಿನೇಳನೇ ಶತಮಾನ" ಎಂದರು. ಇನ್ನೂ ಹೆಣ್ಣು ಒಪ್ಪಿರಲಿಲ್ಲ, ಆಗಲೇ ಮಾವ ಎಂದಿದ್ದರು ಎಂದೆ. ನಮ್ಮ ದೇವರಿಗೇ ರಿಯಾಯಿತಿ ಕೊಡದವರು ನಿಮ್ಮ ಸಂತರಿಗೆ ಎಲ್ಲಿಂದ ಕೊಡುತ್ತಾರೆ, ಹೆಂಡತಿ ಕಾಲಿಗೆ ಬಿದ್ದು ಕೇಳಿದರೂ ಅವರು ಒಂದು ವರ್ಷ ಸೇರಿಸುವುದಿಲ್ಲ ಎಂದು ಹೇಳಿ ಕೂತೆ.

ಮೊದಲು ನಕ್ಕವರು ವಿನ್ಸೆಂಟ್ ಅಚ್ಚನ್. ಆಮೇಲೆ ಇಡೀ ಸಭೆ. ಸಂಚಿಕೆಯಲ್ಲಿ ಎಡಗಡೆಯ ಪುಟಕ್ಕೆ ಜೋಸೆಫ್ ಚೇಟ್ಟನ್ ಹೇಳುವ ಹಳೆಯ ಕಥೆ, ಬಲಗಡೆಗೆ ನಿಮ್ಮ ಲೇಖನ, ಎರಡನ್ನೂ ಒಂದಕ್ಷರ ಬಿಡದೆ ಹಾಕುವುದೆಂದು ತೀರ್ಮಾನವಾಯಿತು. ಕುರ್ಚಿಗಳ ಬಣ್ಣ ಹಾಗೆಯೇ ಇರುತ್ತದೆ. ಹೊರಗೆ ಬಂದ ಮೇಲೆ ಜೋಸೆಫ್ ಚೇಟ್ಟನ್ ನನ್ನನ್ನು ಪಕ್ಕಕ್ಕೆ ಕರೆದು, ಆ ಒಂಬತ್ತನೇ ಶತಮಾನದ ಶಿಲುಬೆ ಆಚೆ ದಡದ ಪಳ್ಳಿಯವರ ಶಿಲುಬೆಗಿಂತ ಹಳೆಯದೋ ಎಂದು ಗುಟ್ಟಾಗಿ ಕೇಳಿದರು. ಹೌದೋ ಅಲ್ಲವೋ ಮರೆಯದೆ ತಿಳಿಸಿ, ಅವರು ಕಾದಿದ್ದಾರೆ.

ಗುರುವಾರದ ಕಾಗದವನ್ನು ನಿನ್ನೆ ಮನೆಗೆ ಬಂದವಳೇ ಹರಿದು ಹಾಕಿದೆ. ಅಲ್ಲಿ ಎದ್ದು ನಿಂತಾಗ ನನಗೆ ತಿಳಿಯಿತು, ನೀವು ನನಗೋಸ್ಕರ ಒಂದು ಸಾಲು ತಿದ್ದಿದರೂ ನನಗೆ ಬೇಜಾರಾಗುತ್ತಿತ್ತೆಂದು. ಹತ್ತಿರವಿದ್ದಾಗ ನಿಮ್ಮ ಈ ಗುಣದಿಂದ ನಾನು ಕಡಿಮೆ ರೋಸಿಹೋಗಿಲ್ಲ. ಈಗ ಅದಿಲ್ಲದೆ ಮನೆ ಭಣಗುಟ್ಟುತ್ತಿದೆ. ಸಾರಿಗೆ ಉಪ್ಪು ಜಾಸ್ತಿ ಎಂದು ಮುಖಕ್ಕೆ ಹೇಳುವವರು ಒಬ್ಬರು ಬೇಕು.

ಹಬ್ಬ ಜುಲೈ ಮೂರು, ಶನಿವಾರ. ಸಂಚಿಕೆ ಬಿಡುಗಡೆಗೆ ನೀವು ಬರಲೇಬೇಕೆಂದು ಅಚ್ಚನ್ ಹೇಳಿಕಳಿಸಿದ್ದಾರೆ. ಶುಕ್ರವಾರ ಸಂಜೆಯ ಗಾಡಿಗೆ ಇಂಚರಾಳನ್ನೂ ಕರೆದುಕೊಂಡು ಬನ್ನಿ. ನಂಬದಿದ್ದರೆ ಪರವಾಗಿಲ್ಲ, ಸಂತರ ಮುಂದೆ ಒಂದು ಗಳಿಗೆ ಕೈಮುಗಿದು ನಿಂತರೆ ಸಾಕು. ಆಗಲೂ ಶಿಲುಬೆಯ ಅಳತೆ ತೆಗೆಯಲು ಹೋಗಬೇಡಿ.

ನಿಮ್ಮ ದಾರಿ ಕಾಯುತ್ತಿರುವ
ಚಂದ್ರಾವತಿ

ಬರೆಯದೆ ಉಳಿದದ್ದು: ಶುಕ್ರವಾರ ನಮ್ಮ ಆಫೀಸಿಗೆ ವರ್ಗದ ಆದೇಶ ಬಂತು. ನಿಮ್ಮದಲ್ಲ, ನನ್ನದು. ಸಂತರಿಗೆ ಕೆಲಸ ಜಾಸ್ತಿ ಇರಬಹುದೆಂದು ಜನವರಿಯಲ್ಲೇ ತಿರುವನಂತಪುರಕ್ಕೆ ನಾನೊಂದು ಅರ್ಜಿ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. ಆಗಸ್ಟಿನಲ್ಲಿ ಅಲ್ಲಿ ಸೇರಿಕೊಳ್ಳಬೇಕು, ಗಾಳಿ ಬೆಳಕು ಇರುವ ಅಡುಗೆಮನೆ ನೋಡಿ ಒಂದು ಮನೆ ಹಿಡಿಯಿರಿ. ಮೇರಿ ಚೇಚಿಗೆ ಇನ್ನೂ ತಿಳಿಸಿಲ್ಲ. ಇವತ್ತು ಹೇಳೋಣವೆಂದು ಕೆಳಗಿಳಿದೆ. ಬಾಯಿ ತೆರೆಯುವ ಮೊದಲೇ ಬಿಸಿ ಪಾಲಪ್ಪ ಕೈಗಿಟ್ಟು, "ನೀನಿಲ್ಲದಿದ್ದರೆ ನಾನು ಯಾರ ಹತ್ತಿರ ಜಗಳ ಆಡಲಿ ಮೋಳೇ" ಎಂದರು. ತಿಂದು ಮೇಲೆ ಬಂದೆ. ನೀವು ಬಂದಾಗ ನೀವೇ ಅವರಿಗೆ ಹೇಳಿಬಿಡಿ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವುದು ನಮ್ಮ ಮನೆಯಲ್ಲಿ ನಿಮಗೊಬ್ಬರಿಗೇ ಬರುವುದು. ನಾನು ಆಗ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿರುತ್ತೇನೆ.