ಎಡಗೈಗೊಂದು ಮಿಟ್

ಮಧುಗಿರಿ
18 ನವೆಂಬರ್ 2025, ಮಂಗಳವಾರ

ಮಗಳೇ ಅನುಷಾ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರುತ್ತೀಯ ಅಂದುಕೊಂಡಿದ್ದೇನೆ. ಗೌರಿ ಹಬ್ಬಕ್ಕೆ ಬಂದು ಹೊರಡುವಾಗ "ಕಾಗದ ಬರೀಮ್ಮ, ಫೋನಲ್ಲಿ ಏನೂ ಮಾತಾಡಕ್ಕಾಗಲ್ಲ" ಅಂದಿದ್ದೆ. ಆಗಲಿ ಅಂತ ಬಸ್ಸಿನ ಕಿಟಕಿಗೆ ತಲೆಯಾಡಿಸಿದವಳು ಇವತ್ತು ಬರೆಯಲು ಕೂತಿದ್ದೇನೆ. ತಡವಾಯಿತು, ಬೈದುಕೋ. ನೀನು ಹೇಳಿದ್ದು ನಿಜ, ಭಾನುವಾರದ ಆ ಫೋನು ಫೋನೇ ಅಲ್ಲ. ನಿನ್ನ ಪಕ್ಕದಲ್ಲಿ ವಾರ್ಡನ್ ಮೇಡಂ ನಿಂತಿರುತ್ತಾರೆ, ಹಿಂದೆ ಸಾಲಿನಲ್ಲಿ ಹುಡುಗಿಯರು ಗುಸುಗುಸು ಅನ್ನುತ್ತಿರುತ್ತಾರೆ. ನಾನು ಊಟ ಆಯ್ತಾ ಅನ್ನುತ್ತೇನೆ, ನೀನು ಆಯ್ತು ಅನ್ನುತ್ತೀಯ, ಅಷ್ಟರಲ್ಲಿ ಮುಂದಿನವಳ ಸರದಿ. ಆಮೇಲೂ ಸ್ವಲ್ಪ ಹೊತ್ತು ನಾನು ಫೋನನ್ನು ನೋಡುತ್ತ ಕೂತಿರುತ್ತೇನೆ, ಮತ್ತೆ ಹೊಡೆದುಕೊಂಡೀತೇನೋ ಅಂತ.

ಪಾರ್ಸೆಲ್ಲಿನಲ್ಲಿ ಇರುವುದು ನಿನಗೆ ಚೆಂಡು ಹಿಡಿಯಲು ಮಿಟ್. ಮೇಲೆ ಹಳೆ ಸೀರೆ ಸುತ್ತಿದ್ದೇನೆ, ಕತ್ತರಿ ಹಾಕಬೇಡ, ಗಂಟು ಬಿಚ್ಚು.

ಹಬ್ಬದ ದಿನ ನಿನಗೆ ಎಣ್ಣೆ ನೀರು ಹಾಕುವಾಗ ನಿನ್ನ ಎಡ ಅಂಗೈ ನೋಡಿದೆ. ತೋರುಬೆರಳಿನ ಬುಡ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಏನೇ ಇದು ಅಂದರೆ, "ಹಾಸ್ಟೆಲ್ ಮಿಟ್ ಹಳೇದು ಕಣಮ್ಮ. ಒಳಗಿನ ಮೆತ್ತೆ ಎಲ್ಲ ಸತ್ತೋಗೈತೆ, ಬಾಲ್ ಬಂದ್ರೆ ಸೀದಾ ಕೈಗೇ ಬೀಳ್ತೈತೆ" ಅಂದೆ, ಏನೋ ಇರುವೆ ಕಚ್ಚಿದವಳ ಹಾಗೆ. ಆ ಆಟಕ್ಕೆ ಸಾಫ್ಟ್‌ಬಾಲ್ ಅಂತ ಹೆಸರಿಟ್ಟವರ ಕೈಗೆ ಆ ಚೆಂಡು ಒಂದು ಸಲ ಬೀಳಬೇಕಿತ್ತು. ಕ್ಯಾಚರ್ ಆಗಿ ಬ್ಯಾಟು ಬೀಸುವವಳ ಬೆನ್ನಹಿಂದೆ ಕುಕ್ಕರುಗಾಲಲ್ಲಿ ಕೂತು, ಅಷ್ಟು ಜೋರಾಗಿ ಬರುವುದನ್ನೆಲ್ಲ ಹಿಡಿಯುವವಳಿಗೆ ಒಂದು ನೆಟ್ಟಗಿನ ಮಿಟ್ ಇಲ್ಲ. ನಾನು ಕೊಡಿಸುತ್ತೇನೆ ಅಂತ ಆಗಲೇ ಅಂದೆ. ಶಾಲೆಯ ಬಿಸಿಯೂಟ ಬೇಯಿಸುವ ನಮ್ಮ ಗೌರವಧನ ಯಾವಾಗ ಬರುತ್ತದೆ ಅನ್ನುವ ಪುರಾಣ ನಿನಗೆ ಗೊತ್ತಿರುವುದೇ, ಬಿಡು.

ನಿಮ್ಮಪ್ಪ ಪಾವಗಡದಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ ಮೇಲೆ ನಾವಿಬ್ಬರೂ ಮಿಡಿಗೇಶಿ ಬಿಟ್ಟು ಈ ಬಾಡಿಗೆ ರೂಮಿಗೆ ಬಂದೆವಲ್ಲ, ಅಲ್ಲಿಂದ ನಿನ್ನದು ಏನೇ ಇದ್ದರೂ ಆರಿಸಿದವಳು ನಾನು. ಸ್ಕೂಲ್ ಬ್ಯಾಗು, ಕನ್ನಡಕ, ಮೊದಲನೇ ಜೊತೆ ಶೂ. ಈ ತಿಂಗಳ ಕೊನೆಗೆ ರಾಜ್ಯ ತಂಡದ ಆಯ್ಕೆ. ಆವತ್ತು ನಾನು ಆರಿಸಿದ ಮಿಟ್ ಹಾಕಿಕೊಂಡು ನೀನು ಕೂರಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ. ದೀಪಾವಳಿ ಆದ ಭಾನುವಾರ ಫೋನಿನಲ್ಲಿ "ಏನೂ ಬ್ಯಾಡಮ್ಮ, ಇರೋದ್ರಲ್ಲೇ ಆಡ್ತೀನಿ" ಅಂದೆ. ನಾನು ಕೇಳಬೇಕಲ್ಲ. ಮಾರನೆಯ ದಿನವೇ ನಿಮ್ಮ ಕೋಚ್ ಅಂಜನ್ ಕುಮಾರ್ ಸಾರ್‌ಗೆ ಫೋನ್ ಮಾಡಿ ಅಳತೆ ಕೇಳಿದೆ. ಮಿಟ್ಟಿನ ಸುತ್ತಳತೆ ಮೂವತ್ತಮೂರು ಇಂಚು ಇರಲಿ, ಬೇಸ್‌ಬಾಲಿನದು ಕೊಟ್ಟರೆ ತೆಗೆದುಕೊಳ್ಳಬೇಡಿ, ಅದರ ಚೆಂಡು ಚಿಕ್ಕದು ಅಂದರು.

ಮೊದಲು ಇಲ್ಲೇ ಪೇಟೆಯಲ್ಲಿ ಕೇಳಿದೆ. ಅಂಗಡಿಯವನು ಕ್ರಿಕೆಟ್ ಕೀಪರ್ ಗ್ಲೌಸು ತಂದು ಮುಂದಿಟ್ಟ. ಇದು ಎರಡು ಕೈಗೂ ಇದೆ, ನನಗೆ ಎಡಗೈಗೆ ಒಂದೇ ಬೇಕು ಅಂದೆ. "ಜೋಡಿ ಒಡೆದು ಕೊಡಕ್ಕಾಗಲ್ಲ ಅಕ್ಕ, ಚಪ್ಲೀನ ಯಾರಾದ್ರೂ ಒಂದೇ ಕಾಲಿಗೆ ತಗಂತಾರಾ?" ಅಂದ. ಅವನಿಗೆ ಸಾಫ್ಟ್‌ಬಾಲ್ ವಿವರಿಸುವಷ್ಟು ನನಗೇ ಗೊತ್ತಿಲ್ಲ, ಬಂದೆ.

ರಾಜ್ಯೋತ್ಸವದ ದಿನ ಶಾಲೆಯಲ್ಲಿ ಧ್ವಜ ಏರಿಸಿ ಮಕ್ಕಳಿಗೆ ಸಿಹಿ ಹಂಚಿದ ಮೇಲೆ ತುಮಕೂರು ಬಸ್ಸು ಹತ್ತಿದೆ. ಹೊಸ ರವಿಕೆ ಹೊಲಿಸಲು ಅಳತೆ ರವಿಕೆ ಒಯ್ಯುವುದಿಲ್ಲವೇ, ಹಾಗೆ ನೀನು ಮಂಚದ ಕೆಳಗೆ ಬಿಟ್ಟುಹೋದ ಹಳೆ ಚೆಂಡನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸಿದ್ದರಬೆಟ್ಟಕ್ಕೆ ಹೋಗುವವಳು. ಚೀಲದ ಗುಂಡು ನೋಡಿ "ತೆಂಗಿನಕಾಯಾ?" ಅಂದಳು. ಹೂಂ ಅಂದೆ. ಹಾಗಾದರೆ ಬೆಟ್ಟಕ್ಕೇ ತಾನೆ, ಜೊತೆಗೆ ಹತ್ತೋಣ ಅಂದಳು. ಅವಳು ಕೊರಟಗೆರೆಯಲ್ಲಿ ಇಳಿದು, ನಾನು ಇಳಿಯದ್ದು ನೋಡಿ, ತಲೆ ಸರಿಯಿಲ್ಲದವಳು ಅಂದುಕೊಂಡಿರಬೇಕು. ಜೊತೆಗೆ ಹತ್ತೋಣ ಅಂತ ಯಾರಾದರೂ ಅಂದು ಬಹಳ ಕಾಲವಾಗಿತ್ತು ಕಣೇ. ಇಳಿದುಬಿಡೋಣ ಅಂತ ಒಂದು ಗಳಿಗೆ ಅನಿಸಿದ್ದೂ ನಿಜ.

ತುಮಕೂರಿನ ಅಂಗಡಿಯವರು ವಯಸ್ಸಾದವರು, ಬೇಸರಪಟ್ಟುಕೊಳ್ಳದ ಮನುಷ್ಯ. ಮೊದಲು ಬೆರಳು ಬೆರಳು ಬಿಡಿಸಿಕೊಂಡ ಗ್ಲೌಸು ತೋರಿಸಿದರು. ಇದಲ್ಲ, ಬೆರಳು ಕಾಣಬಾರದು, ಒಬ್ಬಟ್ಟಿನ ಹಾಗೆ ಗುಂಡಗೆ, ದಪ್ಪಗೆ ಇರಬೇಕು ಅಂದೆ. ನಕ್ಕು ಒಳಗಿನಿಂದ ಒಂದು ತಂದರು. ನಾನು ಟವೆಲ್ ಬಿಚ್ಚಿ ಚೆಂಡು ತೆಗೆದು ಅದರ ಬಾಯಿಗೆ ಇಟ್ಟೆ. ಒಳಗೆ ಹೋಗಲಿಲ್ಲ, ತುದಿಯಲ್ಲೇ ನಿಂತಿತು. ಇದು ಬೇಸ್‌ಬಾಲಿನದು ಅಂದೆ, ಬಹಳ ಕಾಲದಿಂದ ಈ ವ್ಯಾಪಾರದಲ್ಲಿದ್ದವಳ ಹಾಗೆ. ನೀನು ಇದ್ದಿದ್ದರೆ ಅಲ್ಲೇ ನಕ್ಕು ಮಾನ ಕಳೆಯುತ್ತಿದ್ದೆ.

ಆಮೇಲೆ ಸಾಫ್ಟ್‌ಬಾಲಿನವೇ ಎರಡು ಸಿಕ್ಕವು. ಒಂದು ಕೆಂಪು, ರೆಕ್ಸಿನ್ನಿನದು, ಹಗುರ, ಈಗಲೇ ಹಾಕಿಕೊಂಡು ಆಡುವಷ್ಟು ಮೆತ್ತಗೆ. ಇನ್ನೊಂದು ಕಂದು ಬಣ್ಣದ ಚರ್ಮದ್ದು, ಎರಡು ಕೈಯಲ್ಲಿ ಅಮುಕಿದರೂ ಬಾಯಿ ಮುಚ್ಚದಷ್ಟು ಬಿಗಿ. "ಹೆಣ್ಮಕ್ಳೆಲ್ಲ ಕೆಂಪೇ ತಗೋತಾರೆ" ಅಂದರು. ಎರಡನ್ನೂ ನನ್ನ ಕೈಗೆ ಹಾಕಿಕೊಂಡೆ. ಮಗಳು ಬಲಗೈಯಲ್ಲಿ ಎಸೆಯುತ್ತಾಳಾ ಎಡಗೈಯಲ್ಲಾ ಅಂತ ಕೇಳಿದರು, ಕಣ್ಣು ಮುಚ್ಚಿಕೊಂಡು ಹೇಳಿದೆ. ನಂತರ ನಾನೇ ಸಂಕೋಚ ಬಿಟ್ಟು, ಸ್ವಲ್ಪ ಎಸೀರಿ ಅಂದೆ. ಅವರು ಕೌಂಟರಿನ ಆಚೆಯಿಂದ ಎಸೆದರು. ಕೆಂಪಿನದರಲ್ಲಿ ಹಿಡಿದಾಗ ನಿನ್ನ ಕೈಯಲ್ಲಿ ಊದಿದ್ದ ಅದೇ ಜಾಗ ನನ್ನ ಕೈಯಲ್ಲೂ ಚುರ್ರೆಂದಿತು. ಕಂದಿನದರಲ್ಲಿ ಸದ್ದು ಮಾತ್ರ ಬಂತು. ಅಷ್ಟು ಸಾಕಾಯಿತು. ಇದು ಕೈಗೆ ಒಗ್ಗಲು ದಿನ ಬೇಕು, ಚೆಂಡು ಹಿಡಿದು ಹಿಡಿದೇ ಪಳಗಿಸಬೇಕು, ಎಣ್ಣೆ ಹಚ್ಚಿದರೆ ಒಂದೆರಡು ಹನಿ ಮಾತ್ರ ಅಂತ ಅವರು ಹೇಳಿ ಕಳಿಸಿದರು.

ಒಂದೆರಡು ಹನಿ ಅನ್ನುವುದು ನನ್ನ ಕೈಗೆ ಬರುವ ಲೆಕ್ಕವೇ ಅಲ್ಲ. ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸುವ ಕೈ ಇದು. ನೀನು ಹೋದಾಗಿನಿಂದ ಮನೆಯಲ್ಲಿ ಒಬ್ಬಳಿಗೆ ಅನ್ನ ಇಡಲೂ ಅಳತೆ ತಿಳಿಯುತ್ತಿಲ್ಲ. ಒಂದೇ ಮುದ್ದೆಗೆ ಹಿಟ್ಟು ಹಾಕಿದರೆ ಅರ್ಧ ಪಾತ್ರೆಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಎರಡು ಕಟ್ಟುತ್ತೇನೆ, ಇನ್ನೊಂದು ಬೆಳಗ್ಗೆ ಪಕ್ಕದ ಮನೆ ಹಸುವಿಗೆ. ಹೊಸ ಚಪ್ಪಲಿ ಕಚ್ಚಿದರೆ ಹರಳೆಣ್ಣೆ ಸುರಿದು ಬಿಸಿಲಿಗಿಡುವುದು ನಾವು ಚಿಕ್ಕಂದಿನಿಂದ ಮಾಡಿದ್ದು. ಮಿಟ್ಟಿಗೂ ಹಾಗೇ ಧಾರಾಳವಾಗಿ ಹಚ್ಚಿ ಚಾವಣಿಯ ಶೀಟಿನ ಮೇಲೆ ಇಟ್ಟೆ. ಸಂಜೆ ತೆಗೆದು ನೋಡಿದರೆ ಕಂದು ಹೋಗಿ ಕಪ್ಪಾಗಿದೆ, ನೆನೆದ ಕಂಬಳಿಯ ತೂಕ, ಕೈ ಹಾಕಿದರೆ ಜಾರುತ್ತದೆ. ಹೊಸ್ತಿಲ ಮೇಲೆ ಕೂತು ಅತ್ತೆ. ಹಾಳು ಮಾಡಿಬಿಟ್ಟೆನಲ್ಲ ಅಂತ ಜೋರಾಗಿಯೇ ಅತ್ತೆ, ಕೇಳುವವರು ಯಾರೂ ಇರಲಿಲ್ಲವಲ್ಲ.

ಮಾರನೆಯ ದಿನ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ ಇಟ್ಟಿರುವ ಶಿರಾದ ಬುಡನ್ ಸಾಬರಿಗೆ ತೋರಿಸಿದೆ. ಮೂಸಿ ನೋಡಿ, "ಅರೆ ಬೇಟಿ, ಇದುಕ್ಕೆ ಅಭ್ಯಂಜನ ಮಾಡ್ಸಿದ್ದೀಯಲ್ಲಮ್ಮ" ಅಂದರು. ಸರಿ ಹೋಗುತ್ತದಾ ಅಂದೆ. "ಎಣ್ಣೆ ಆದ್ಮೇಲೆ ತಲೆಗೆ ಏನ್ ಹಾಕ್ತೀರ ನೀವು? ಕಡ್ಲೆಹಿಟ್ಟು ಉದುರ್ಸು, ಒಣಗಿದ್ದು. ನೆರಳಲ್ಲಿಡು, ಒರ್ಸು, ಮತ್ತೆ ಉದುರ್ಸು. ಫಿಕರ್ ಮಾಡ್ಬೇಡ" ಅಂದರು. ಹಾಗೇ ಮಾಡಿದೆ. ದಿನಾ ಕೆಲಸದಿಂದ ಬಂದು ಹಿಟ್ಟು ಉದುರಿಸುವುದು, ಒರೆಸುವುದು. ಮನೆಯೆಲ್ಲ ಕಡಲೆಹಿಟ್ಟಿನ ವಾಸನೆ, ನಿನ್ನ ತಲೆ ಉಜ್ಜಿದ ದಿನಗಳ ಹಾಗೆ. ಅಂತೂ ಎಣ್ಣೆ ಬಿಟ್ಟಿತು, ಬಣ್ಣ ಮಾತ್ರ ಮೊದಲಿನಷ್ಟಾಗಲಿಲ್ಲ. ಒಳಗೆ ಹೊಲಿಗೆಯ ಸಂದಿಯಲ್ಲಿ ಹಳದಿ ಕಂಡರೆ ಗಾಬರಿಯಾಗಬೇಡ.

ಇನ್ನು ಪಳಗಿಸುವುದು. ಸಂಜೆ ಪಾತ್ರೆ ತೊಳೆದಾದ ಮೇಲೆ, ಮಕ್ಕಳೆಲ್ಲ ಹೋದ ಶಾಲೆಯ ಹಿಂದೆ ಗೋಡೆಗೆ ಚೆಂಡು ಎಸೆದು, ವಾಪಸು ಬಂದದ್ದನ್ನು ಹಿಡಿಯುತ್ತಿದ್ದೆ. ಗೋಡೆಯಾಚೆ ಆ ಬೋಳು ಬೆಟ್ಟ, ಈಚೆ ನಾನು. ನಮ್ಮ ಹೆಡ್ ಅಡುಗೆಯವಳು ಚಿಕ್ಕಹನುಮಕ್ಕ ಬೀಗ ಹಾಕಲು ಬಂದವಳು ನಿಂತು ನೋಡಿ, "ಯಾಕ್ಲೇ ರಾಧಾಮಣಿ, ಗ್ವಾಡೆ ಜತೀಗೆ ಆಡ್ತಿದ್ದೀಯ? ಮನುಷ್ಯರು ಸತ್ತೋಗವ್ರಾ?" ಅಂದಳು. ಸೆರಗು ಸಿಕ್ಕಿಸಿ ಚೆಂಡು ಕಿತ್ತುಕೊಂಡಳು. ಕೆಳಗಿನಿಂದ ಕೈ ಬೀಸಿ ಎಸೆಯಬೇಕು, ಅದೇ ಈ ಆಟದ ನೇಮ ಅಂದೆ. "ನೀರು ಎರಚ್ದಂಗೆ ತಾನೆ, ಬುಡು" ಅಂದು ಬೀಸಿದಳು ನೋಡು, ನಾನು ಹಿಂದಕ್ಕೆ ಬಿದ್ದೆ. ಆದರೆ ಚೆಂಡು ಬಿಡಲಿಲ್ಲ.

ಅಲ್ಲಿಂದ ದಿನಾ ಅವಳು ಎಸೆಯುವುದು, ನಾನು ಕೂರುವುದು. ಕೂತ ಮೇಲೆ ನನಗೆ ಒಂದು ತಿಳಿಯಿತು. ನಿಮ್ಮ ತಂಡದವರೆಲ್ಲ ನಿನ್ನ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ, ನೀನೊಬ್ಬಳು ಅವರಿಗೆ ಎದುರಾಗಿ, ಮುಖಕ್ಕೆ ಜಾಲರಿ ಹಾಕಿಕೊಂಡು ನೆಲದ ಹತ್ತಿರ ಕೂತಿರುತ್ತೀಯ. ಎಲ್ಲರೂ ಕಾಣುತ್ತಾರೆ, ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ. ಇಷ್ಟು ಒಬ್ಬಂಟಿ ಜಾಗವನ್ನು ನನ್ನ ಮಗಳು ತಾನಾಗಿ ಆರಿಸಿಕೊಂಡಳೇ ಅಂತ ಸಂಕಟವಾಯಿತು. ಹೆಮ್ಮೆಯೂ ಆಯಿತು.

ಈಗ ಮಿಟ್ಟಿನ ಬಾಯಿ ತಾನಾಗಿ ಮುಚ್ಚುತ್ತದೆ. ಒಂದು ತೊಂದರೆ ಏನೆಂದರೆ, ಇಷ್ಟು ದಿನ ನನ್ನ ಕೈಯೇ ಒಳಗಿದ್ದದ್ದರಿಂದ ಅದು ನನ್ನ ಕೈಯ ಆಕಾರಕ್ಕೆ ಕೂತಿದೆ. ಹಾಕಿಕೊಂಡಾಗ ಒಂದು ಕಡೆ ಸಡಿಲ ಅನಿಸಿದರೆ ಅದು ನನ್ನ ಹೆಬ್ಬೆರಳು. ನೀನು ನಾಲ್ಕು ದಿನ ಆಡಿದರೆ ನಿನ್ನದಾಗುತ್ತದೆ.

ರಾತ್ರಿ ಹೊತ್ತು ತಣ್ಣೀರಲ್ಲಿ ತಲೆ ನೆನೆಸಿಕೊಳ್ಳಬೇಡ. ಮೊಟ್ಟೆ ಕೊಟ್ಟ ದಿನ ಬೇರೆಯವರಿಗೆ ದಾಟಿಸದೆ ತಿನ್ನು. ಕೈಬೆರಳು ಗಟ್ಟಿಯಾಗಿರಲಿ, ಮೊಣಕಾಲು ಗಟ್ಟಿಯಾಗಿರಲಿ, ನಿನ್ನ ಕಡೆ ಬಂದ ಚೆಂಡು ನಿನ್ನನ್ನು ದಾಟದಿರಲಿ ಅಂತ ಹಾರೈಸುವ

ನಿನ್ನ ಅಮ್ಮ
ರಾಧಾಮಣಿ

ಇನ್ನೊಂದು ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಜನ್ ಕುಮಾರ್ ಸಾರ್‌ಗೆ ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದು ಅಳತೆಯನ್ನಲ್ಲ. "ಇನ್ನೊಂದು ಯಾಕಮ್ಮ? ದಸರಾ ಆದ್ಮೇಲೆ ಅವಳ ತಂದೆ ಬಂದು ಒಳ್ಳೇ ಮಿಟ್ಟೇ ಕೊಡಿಸಿ ಹೋದ್ರಲ್ಲ, ನಿಮಗೆ ಹೇಳ್ಲಿಲ್ವಾ?" ಅಂದರು. ಗೊತ್ತು ಸಾರ್, ಅವಳೇ ಹೇಳಿದಳು, ಒಂದು ಹೆಚ್ಚಿಗೆ ಇರಲಿ ಅಂತ ಕೇಳಿದೆ ಅಂದೆ. ನಿನಗೆ ಬೇಕಾಗಿಲ್ಲ ಅಂತ ಗೊತ್ತಿದ್ದೇ ತುಮಕೂರಿನ ಬಸ್ಸು ಹತ್ತಿದ್ದು.

ಆಯ್ಕೆಯ ದಿನ ಅಪ್ಪ ಕೊಡಿಸಿದ್ದನ್ನೇ ಹಾಕಿಕೋ. ಅದು ನಿನ್ನ ಕೈಗೆ ಆಗಲೇ ಒಗ್ಗಿರುತ್ತದೆ. ನನಗೆ ನೋವಾದೀತು ಅಂತ ಇದನ್ನು ಹಾಕಿಕೊಂಡು ಚೆಂಡು ಬಿಟ್ಟರೆ ನಾನು ಸುಮ್ಮನಿರುವುದಿಲ್ಲ. ಅವರು ಕೊಡಿಸಿದರಲ್ಲ ಅಂತ ಹೊಟ್ಟೆ ಉರಿಯಿತು, ಇಲ್ಲ ಅನ್ನುವುದಿಲ್ಲ. ಅದು ಆರಿತು. ಆರದಿರುವುದು ನೀನು "ಇರೋದ್ರಲ್ಲೇ ಆಡ್ತೀನಿ" ಅಂದದ್ದು. ಅಮ್ಮನಿಗೆ ಹೇಳಬಾರದು ಅಂತ ನೀನೂ ಒಂದು ಮಾತು ಇಟ್ಟುಕೊಂಡೆ. ನಿಮ್ಮಪ್ಪ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರಿದ್ದೆವು ಅನು. ನೀನು ಹಾಸ್ಟೆಲ್ಲಿಗೆ ಹೋದ ಮೇಲೂ ಇಬ್ಬರೇ ಅಂದುಕೊಂಡಿದ್ದೆ. ಅವಳೇ ಹೇಳಿದಳು ಅಂತ ಸಾರ್‌ಗೆ ಸುಳ್ಳು ಹೇಳಿ ಫೋನ್ ಇಟ್ಟೆನಲ್ಲ, ಆಗ ಒಬ್ಬಳಾದೆ.