ಇಪ್ಪತ್ತಮೂರನೆಯ ಮೆಟ್ಟಿಲಿನ ತಪ್ಪು ಯಾರದು?

ಶಾಸನ ಭವನದ ನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ, ತಾವು ನಮ್ಮಪ್ಪನ ತಪ್ಪೊಂದನ್ನು ಕಿತ್ತುಕೊಂಡು ಬೇರೆಯವರಿಗೆ ಕೊಟ್ಟಿದ್ದೀರಿ. ಅದನ್ನು ವಾಪಸು ಕೊಡಿಸಬೇಕೆಂದು ಈ ಪತ್ರ. ಒಡವೆ ಕಳುವಾಯಿತೆಂದು ದೂರು ಕೊಡುವವರನ್ನು ತಾವು ಬೇಕಾದಷ್ಟು ನೋಡಿರಬಹುದು. ತಪ್ಪು ಕಳುವಾಗಿದೆ ಎಂದು ಬಂದವಳು ಬಹುಶಃ ನಾನೊಬ್ಬಳೇ.

ಇಪ್ಪತ್ತೆರಡು ವರ್ಷಗಳಿಂದ ನಾನು ಆ ಭವನದಲ್ಲಿ ಗೈಡ್. ದಿನಕ್ಕೆ ನಾಲ್ಕು ತಂಡಗಳಿಗೆ ಕಟ್ಟಡ ತೋರಿಸುತ್ತೇನೆ. ನಕ್ಷೆಯಲ್ಲಿ ಗುಮ್ಮಟಗಳು ಮೂರಿದ್ದವು, ನಡುವೆ ಸರ್ಕಾರ ಬಿದ್ದು ಒಂದೇ ಉಳಿಯಿತು ಎನ್ನುತ್ತೇನೆ. ಜನ ನಗುತ್ತಾರೆ. ಸದಸ್ಯರ ಕಣ್ಣಿಗೆ ಬಿಸಿಲು ಹೊಡೆಯದಿರಲೆಂದು ಸಭಾಂಗಣದ ಕಿಟಕಿಗಳನ್ನೆಲ್ಲ ಉತ್ತರಕ್ಕೇ ಇಟ್ಟಿದ್ದಾರೆ ಎಂದರೆ, ಇಷ್ಟು ಹಿತವಾದ ಬೆಳಕಿನಲ್ಲಿ ಅವರಿಗೆ ನಿದ್ದೆ ಬರುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಆಮೇಲೆ ಮುಂಭಾಗದ ನಲವತ್ತೈದು ಕಲ್ಲಿನ ಮೆಟ್ಟಿಲುಗಳು. ಅವುಗಳಲ್ಲಿ ಇಪ್ಪತ್ತಮೂರನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ. ಕಳೆದ ತಿಂಗಳು ತಾವು ಅದರ ಪಕ್ಕದಲ್ಲೇ ಒಂದು ಹಿತ್ತಾಳೆ ಫಲಕ ಹಾಕಿಸಿದಿರಿ: “ಅಧಿಕಾರದ ಮೆಟ್ಟಿಲೇರುವ ಜನಪ್ರತಿನಿಧಿಗಳು ವಿನಯದಿಂದ ತಲೆತಗ್ಗಿಸಿ ನಡೆಯಲೆಂಬ ಉದಾತ್ತ ಚಿಂತನೆಯಿಂದ ಈ ಭವನದ ಮುಖ್ಯ ವಾಸ್ತುಶಿಲ್ಪಿಗಳು ಈ ಮೆಟ್ಟಿಲನ್ನು ಉದ್ದೇಶಪೂರ್ವಕವಾಗಿ ಎತ್ತರಿಸಿದರು.” ಪ್ರತಿ ತಂಡದ ಮುಂದೆ ಇದನ್ನು ಗಟ್ಟಿಯಾಗಿ ಓದಬೇಕೆಂದು ನಮಗೆ ಸುತ್ತೋಲೆಯೂ ಬಂತು.

ವಿನಯವೇ, ಮಾನ್ಯರೇ? ಆ ಮೆಟ್ಟಿಲಿನಲ್ಲಿ ಎಡವಿದ ನಾಲ್ವರು ಮಂತ್ರಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಹಿಂದೆ ಬರುತ್ತಿದ್ದ ಕಾರ್ಯದರ್ಶಿಯನ್ನು ಬೈದರು, ಇಬ್ಬರು ಕಲ್ಲನ್ನೇ ಬೈದರು. ನಾಲ್ಕನೆಯವರು ಜಾರಿದ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಏನೂ ಆಗದವರಂತೆ ಒಂದೇ ಕಾಲಿನ ಚಪ್ಪಲಿಯಲ್ಲಿ ಒಳಗೆ ಹೋಗಿ ಶಿಸ್ತಿನ ಬಗ್ಗೆ ಭಾಷಣ ಮಾಡಿದರು.

ನಿಜಸಂಗತಿ ಇಷ್ಟೇ. ನಮ್ಮಪ್ಪ ಕಲ್ಲುಕುಟಿಗರು. ಉದ್ಘಾಟನೆಯ ದಿನಾಂಕ ಇದ್ದಕ್ಕಿದ್ದಂತೆ ಮೂರು ತಿಂಗಳು ಮುಂಚೆಯೇ ನಿಗದಿಯಾದಾಗ, ಮೆಟ್ಟಿಲು ಕಟ್ಟುವ ಕೆಲಸವನ್ನು ಎರಡು ಗುಂಪುಗಳಿಗೆ ಹಂಚಿದರು. ಒಂದು ಗುಂಪು ಮೇಲಿನಿಂದ ಇಳಿಯುತ್ತ, ಇನ್ನೊಂದು ಕೆಳಗಿನಿಂದ ಏರುತ್ತ ಬಂದು ನಡುವೆ ಸೇರಬೇಕು. ಕೆಳಗಿನ ಗುಂಪಿಗೆ ಅಪ್ಪ ಮೇಸ್ತ್ರಿ. ಒಂದು ಮೆಟ್ಟಿಲಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಮರದ ಅಳತೆಗೋಲು ಸದಾ ಅವರ ಕೈಯಲ್ಲಿರುತ್ತಿತ್ತು. ಕಲ್ಲನ್ನು ಕೂರಿಸುವ ಮೊದಲು ತಟ್ಟಿ ನೋಡುವುದು ಆ ಕಸುಬಿನ ಪದ್ಧತಿ. ಠಣ್ ಎಂದರೆ ಗಟ್ಟಿ, ಮೊದ್ದು ಸದ್ದು ಬಂದರೆ ಒಳಗೆ ಬಿರುಕು. ಸುತ್ತಿಗೆಯಿಂದ ತಟ್ಟಬೇಕು. ಅಪ್ಪ ಕೈಯಲ್ಲಿದ್ದ ಕೋಲಿನಿಂದಲೇ ತಟ್ಟಿದರು, ಮೂರು ವರ್ಷ ಹಾಗೇ ತಟ್ಟುತ್ತ ಬಂದಿದ್ದರು. ಕೋಲಿನ ತುದಿ ಒಂದು ಅಕ್ಕಿಕಾಳಿನ ದಪ್ಪದಷ್ಟು ಸವೆದಿತ್ತು. ಇಪ್ಪತ್ತೆರಡು ಮೆಟ್ಟಿಲು, ಇಪ್ಪತ್ತೆರಡು ಅಕ್ಕಿಕಾಳು. ಎರಡು ಗುಂಪುಗಳೂ ನಡುವೆ ಎದುರಾದಾಗ ಎರಡು ಬೆರಳು ಬಾಕಿ ಉಳಿದಿತ್ತು. ಉದ್ಘಾಟನೆಗೆ ನಾಲ್ಕೇ ದಿನವಿತ್ತು. ಕಿತ್ತು ಕಟ್ಟಲು ಸಮಯವಿಲ್ಲದೆ ಆ ಬಾಕಿಯನ್ನೆಲ್ಲ ಒಂದೇ ಮೆಟ್ಟಿಲಿಗೆ ಹೊರಿಸಿ, ಮೇಲೆ ಕೆಂಪು ಜಮಖಾನ ಹಾಸಿದರು.

ಫಲಕ ಬಂದ ವಾರ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೀಗ ಎಂಬತ್ತಾರು. ತಂಡದ ಹಿಂದೆ ಕೋಲೂರಿಕೊಂಡು ನಿಂತು, ನಾನು ಓದಿದ್ದನ್ನು ಕೇಳಿಸಿಕೊಂಡರು.

“ಏನಮ್ಮಾ ಇದು? ಅವತ್ತು ನಕ್ಷೆ ಬರೆದೋರು ಇದೇ ಮೆಟ್ಲ ಮೇಲೆ ನಿಲ್ಸಿ ನನ್ನ ಮೈಚಳಿ ಬಿಡ್ಸಿದ್ರಲ್ಲ, ಅವ್ರೇ ಬೇಕಂತ ಮಾಡಿದ್ದಾ?”

“ಹಾಗಂತ ಬರೆದಿದಾರಪ್ಪ.”

“ನೀನು ಹಾಗಂತ ಓದ್ತೀಯಾ?”

ನಾನು ಓದುತ್ತೇನೆ, ಮಾನ್ಯರೇ. ದಿನಕ್ಕೆ ನಾಲ್ಕು ಸಲ. ಅವತ್ತು ಮಾತ್ರ ತಲೆ ಎತ್ತಲಾಗಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಮರುದಿನವೇ ತಮ್ಮ ಕಚೇರಿಗೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟರು ಬಲು ಸೌಜನ್ಯದಿಂದ ಕೂರಿಸಿದರು. “ಫಲಕ ಓದಿದ್ರೆ ಮೈ ಜುಮ್ ಅನ್ಸತ್ತೆ ಮೇಡಂ, ಯಾಕ್ ಸುಮ್ನೆ ಕೆಡಿಸ್ತೀರಾ? ಅಷ್ಟಕ್ಕೂ ನಿಮ್ಮಪ್ಪ ತಪ್ಪು ಮಾಡಿದ್ರು ಅನ್ನೋಕೆ ದಾಖಲೆ ಏನಿದೆ?”

ದಾಖಲೆ ತಮ್ಮ ಬಾಗಿಲಲ್ಲೇ ಇದೆ. ಒಂದು ಟೇಪು ತರಿಸಿ. ಕೆಳಗಿನ ಇಪ್ಪತ್ತೆರಡು ಮೆಟ್ಟಿಲುಗಳನ್ನು ಅಳೆಯಿರಿ, ಮೇಲಿನ ಇಪ್ಪತ್ತೆರಡನ್ನೂ ಅಳೆಯಿರಿ. ಕೆಳಗಿನ ಒಂದೊಂದೂ ಮೇಲಿನವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಕಡಿಮೆ ಬರುತ್ತದೆ. ಮಹಾಶಿಲ್ಪಿಗಳು ಅದನ್ನೂ ಯಾವುದೋ ಉದಾತ್ತ ಚಿಂತನೆಯಿಂದಲೇ ಮಾಡಿದರೆಂದಾದರೆ ಇನ್ನೂ ಇಪ್ಪತ್ತೆರಡು ಫಲಕಗಳಿಗೆ ಹಿತ್ತಾಳೆ ಹೊಂದಿಸಿಕೊಳ್ಳಿ.

ಆ ಭವನದ ಗೋಡೆಗಳ ಮೇಲೆ ಅಡಿಗಲ್ಲು ಇಟ್ಟವರ ಹೆಸರಿದೆ, ನಕ್ಷೆ ಬರೆದವರ ಹೆಸರಿದೆ, ಬಾಗಿಲ ರಿಬ್ಬನ್ ಕತ್ತರಿಸಿದವರ ಹೆಸರೂ ಇದೆ. ಕಲ್ಲು ಕಡಿದವರದು ಒಂದೂ ಇಲ್ಲ. ಅಪ್ಪನ ಕೈಕೆಲಸದಲ್ಲಿ ಜನ ನಿಂತು ಗಮನಿಸುವುದು ಆ ಒಂದು ತಪ್ಪನ್ನು ಮಾತ್ರ. ಅದೂ ಚೆನ್ನಾಗಿದೆ ಎನಿಸಿದ ಕೂಡಲೇ ಅದನ್ನೂ ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಡುವುದೇ?

ಆದ್ದರಿಂದ ನನ್ನ ಬೇಡಿಕೆ: ಫಲಕವನ್ನು ತೆಗೆಸಿ, ಅಲ್ಲಿ ಹೊಸದನ್ನು ಹಾಕಿಸಿ. ಈ ಮೆಟ್ಟಿಲು ತಪ್ಪಾಗಿ ಕಟ್ಟಿದ್ದು ಎಂದು ಬರೆಸಿ, ಅದರ ಕೆಳಗೆ, ಕಟ್ಟಿದವರ ಹೆಸರು ಹಾಕಿಸಿ. ತಪ್ಪಿನ ನೆಪದಲ್ಲಾದರೂ ಆ ಭವನದಲ್ಲಿ ಒಬ್ಬ ಕಲ್ಲುಕುಟಿಗನ ಹೆಸರು ಬರಲಿ. ಬೇಗ ಮಾಡಿಸಿ, ಅಪ್ಪನೇ ಬಂದು ಓದಿಕೊಳ್ಳಬೇಕು.

ಇಂತಿ,
ಸುತ್ತೋಲೆಯನ್ನು ನಾಳೆಯಿಂದ ಪಾಲಿಸದಿರುವ,
ಮೇಸ್ತ್ರಿಯ ಮಗಳು